ಮೇಲ್ಮಹಡಿಯ ಮೂರನೇ ಹಂತ

ಚನ್ನಪಟ್ಟಣದ ಮಂಗಳವಾರಪೇಟೆಯ ತನ್ನ ಮನೆಯ ಮೇಲ್ಮಹಡಿಯಲ್ಲಿ ರಾಧಾಮಣಿ ಬಹಳ ವರ್ಷಗಳಿಂದ, ಕೈಯಿಟ್ಟು ಕಾಯಿಲೆ ಗುಣಪಡಿಸುವ ರೇಕಿ ವಿದ್ಯೆ ಕಲಿಸುತ್ತಿದ್ದಳು. ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದು ಸ್ವಯಂನಿವೃತ್ತಿ ತೆಗೆದುಕೊಂಡವಳು. ಪಾಠ ಅಂದಮೇಲೆ ಅದಕ್ಕೊಂದು ಕ್ರಮ ಇರಲೇಬೇಕು ಎಂಬ ಮೇಡಂ ಹಟ ರೇಕಿಗೂ ಬಂದಿತ್ತು. ಮೊದಲ ಹಂತದಲ್ಲಿ ತನ್ನ ಮೈಮೇಲೆ ತಾನೇ ಕೈಯಿಟ್ಟುಕೊಂಡು ಕೂರುವುದು. ಎರಡನೆಯದರಲ್ಲಿ ಬೇರೆಯವರ ಮೇಲೆ ಕೈಯಿಡುವುದು. ಮೂರನೆಯದು ಮಾಸ್ಟರ್ ಹಂತ. ಅದು ಮುಗಿದರೆ ಇನ್ನೊಬ್ಬರಿಗೆ ದೀಕ್ಷೆ ಕೊಟ್ಟು ಕಲಿಸಬಹುದು. ಅದನ್ನು ಮಾತ್ರ ರಾಧಾಮಣಿ ಈವರೆಗೆ ಶುರುಮಾಡಿರಲಿಲ್ಲ. ಮಾಗಡಿಯಿಂದ, ಬಿಡದಿಯಿಂದ ಬರುವ ಶಿಷ್ಯರೆಲ್ಲ ಯಾವಾಗ ಮೇಡಂ, ಯಾವಾಗ ಮೇಡಂ ಎಂದು ದುಂಬಾಲು ಬಿದ್ದಮೇಲೆ ಆಷಾಢದ ಒಂದು ಭಾನುವಾರ ಎಲ್ಲರನ್ನೂ ಕೂರಿಸಿಕೊಂಡಳು.

"ಮೂರನೇ ಹಂತ ಒಂದು ವರ್ಷ ನಡೆಯುತ್ತೆ," ಎಂದಳು. "ಮೊದಲು ಕೆಲವು ತಿಂಗಳು ನಿಮ್ಮ ಮೇಲೇ ಅಭ್ಯಾಸ. ಆಮೇಲೆ ನನ್ನ ಜೊತೆ ಕಾಯಿಲೆಯವರ ಮನೆಗೆ ಬಂದು ಕೂರಬೇಕು. ಕೊನೆಗೆ ನನ್ನ ಎದುರಿಗೇ ಹೊಸಬರಿಗೆ ಪಾಠ ಮಾಡಿ ತೋರಿಸಬೇಕು. ಸರಿಬಂದರೆ ದೀಕ್ಷೆ. ಇಲ್ಲಾಂದ್ರೆ ಮತ್ತೆ ಮೊದಲಿಂದ."

ಮಾಗಡಿಯ ನಿವೃತ್ತ ಕಂಡಕ್ಟರ್ ಮುನಿಶಾಮಯ್ಯ ಕನ್ನಡಕ ತೆಗೆದ. "ಒಂದು ವರ್ಸನಾ ಮೇಡಂ? ಬೆಂಗಳೂರಲ್ಲಿ ಶನಿವಾರ ಭಾನುವಾರದಲ್ಲೇ ಮುಗಿಸಿ ಕೊಡ್ತವ್ರಲ್ಲ?"

"ಹಾಗಾದ್ರೆ ಅಲ್ಲಿಗೇ ಹೋಗಿ."

ಗೋಡೆಯ ಬದಿ ಚಾಪೆ ಸುತ್ತುತ್ತಿದ್ದ ಸುಚಿತ್ರಾ ತಲೆಯೆತ್ತಿದಳು. ಅವಳು ರಾಧಾಮಣಿಯ ವಾರಗಿತ್ತಿ, ಮೈದುನ ದೇವರಾಜನ ಹೆಂಡತಿ. ಅದೇ ಮನೆಯ ಕೆಳಭಾಗದಲ್ಲಿ ವಾಸ. ಈ ತರಗತಿ ಶುರುವಾದ ದಿನದಿಂದಲೂ ಕಸ ಗುಡಿಸುವುದು, ಬಂದವರಿಗೆ ಕಷಾಯ ಕಾಯಿಸುವುದು, ಅಕ್ಕನಿಗೆ ಜ್ವರ ಬಂದರೆ ತಾನೇ ಪಾಠ ನಡೆಸುವುದು ಎಲ್ಲ ಅವಳದೇ. ಮೂರನೇ ಹಂತ ಶುರುವಾದರೆ ಕಲಿಸುವವರು ಇಬ್ಬರು ಎಂದೇ ಅವಳು ತಿಳಿದಿದ್ದಳು.

"ನಾನು ಯಾವ ಭಾಗ ನೋಡ್ಕೊಳ್ಳಲಿ ಅಕ್ಕ?" ಎಂದು ಕೇಳಿದಳು.

"ನೀನಾ? ನೀನೂ ಕೂತ್ಕೋಬೇಕು. ಮೊದಲನೇ ತಿಂಗಳಿಂದ."

"ಇವರೆಲ್ಲರ ಜೊತೆನಾ?"

"ಇನ್ಯಾರ ಜೊತೆ?"

ಸುಚಿತ್ರಾಳ ಮುಖ ಕೆಂಪಗಾಯಿತು. "ಇಷ್ಟು ವರ್ಷ ನಾನು ಇಲ್ಲಿ ದುಡಿದಿದ್ದು ಯಾವ ಹಂತಕ್ಕೆ ಬರುತ್ತೆ ಅಕ್ಕ?"

"ಚಾಪೆ ಹಾಸೋದು ಕಲಿಸಿದ ಹಾಗಲ್ಲ ಸುಚಿತ್ರಾ."

ಮಾತು ಬಾಯಿಂದ ಬಿದ್ದಮೇಲೆ ರಾಧಾಮಣಿಗೂ ಅದು ಹೆಚ್ಚಾಯಿತು ಅನ್ನಿಸಿತು. ಆದರೆ ಶಿಷ್ಯರೆಲ್ಲ ನೋಡುತ್ತಿದ್ದರು. ಅವರೆದುರು ಹಿಂದೆ ತೆಗೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಸುಚಿತ್ರಾ ಅರ್ಧ ಸುತ್ತಿದ ಚಾಪೆಯನ್ನು ಅಲ್ಲೇ ಕೈಬಿಟ್ಟು ಮೆಟ್ಟಿಲಿಳಿದು ಹೋದಳು.

ಆ ತಿಂಗಳು ಮುಗಿಯುವುದರೊಳಗೆ ಅವಳು ಬೆಂಗಳೂರಿಗೆ ಹೋಗಿ ಎರಡು ದಿನದಲ್ಲಿ ಮಾಸ್ಟರ್ ಆಗಿ ಬಂದಳು. ಕೆಳಗಿನ ಬಾಗಿಲಿಗೆ ಬೋರ್ಡು ಬಿತ್ತು. ಅದರಲ್ಲಿ ಅವಳ ಹೆಸರಿನ ಕೆಳಗೆ, ಗುರುಪರಂಪರೆ ತೋರಿಸಬೇಕೆಂಬ ರೂಢಿಯಂತೆ, ರಾಧಾಮಣಿಯ ಹೆಸರೂ ಇತ್ತು.

"ನನ್ನ ಹೆಸರು ಅಳಿಸು," ಎಂದಳು ರಾಧಾಮಣಿ.

"ಮೊದಲೆರಡು ಹಂತ ಕೊಟ್ಟಿದ್ದು ನೀವೇ ತಾನೆ? ಸುಳ್ಳು ಬರೆಸಿದ್ರೆ ಹೇಳಿ, ಅಳಿಸ್ತೀನಿ."

ಅಲ್ಲಿಂದ ಒಂದೇ ಗೇಟಿನೊಳಗೆ ಎರಡು ಶಾಲೆಗಳಾದವು. ಮೇಲೆ ಧ್ಯಾನಕ್ಕೆ ಕೂತ ಹೊತ್ತಿಗೇ ಕೆಳಗೆ ಮಿಕ್ಸಿ ತಿರುಗುತ್ತಿತ್ತು. ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವ ಮೋಟಾರಿನ ಸ್ವಿಚ್ಚು ಕೆಳಮನೆಯಲ್ಲಿತ್ತು; ಭಾನುವಾರಗಳಂದು ಅದು ಕೆಟ್ಟುಹೋಗುತ್ತಿತ್ತು. ಕೆಳಗೆ ಬರುವವರು ಸ್ಕೂಟರನ್ನು ಎಲ್ಲಿ ನಿಲ್ಲಿಸಿದರೂ ರಾಧಾಮಣಿ ಮೇಲಿನಿಂದ ಗದರುತ್ತಿದ್ದಳು. ರಾಧಾಮಣಿಯ ಗಂಡ ನಟರಾಜು ಮತ್ತು ಅವನ ತಮ್ಮ ದೇವರಾಜ್ ಸಂಜೆ ಮನೆಗೆ ಬರುವ ಮುಂಚೆ ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಕುಡಿದು, ಅಲ್ಲೇ ಒಬ್ಬರನ್ನೊಬ್ಬರು ಮಾತಾಡಿಸಿಕೊಂಡು, ಗೇಟಿನೊಳಗೆ ಬಂದಮೇಲೆ ಅಪರಿಚಿತರಂತೆ ಇರುವುದನ್ನು ರೂಢಿಮಾಡಿಕೊಂಡರು.

ಆ ದಿನಗಳಲ್ಲೇ ಧನುಶ್ರೀ ಮೇಲೆ ಬಂದಳು. ವಿರೂಪಾಕ್ಷಿಪುರದ ಕಡೆಯ ಹುಡುಗಿ. ಬಿಕಾಂ ಮುಗಿಸಿ ಹೈವೇ ಬದಿಯ ಬೊಂಬೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎರಡನೇ ಹಂತ ಕಲಿತವರಲ್ಲಿ ಅವಳಷ್ಟು ಶ್ರದ್ಧೆಯವರು ಇನ್ನೊಬ್ಬರಿರಲಿಲ್ಲ. ಮೂರನೇ ಹಂತಕ್ಕೆ ಸೇರಬೇಕು ಎಂದು ಬಂದವಳು ಕೂರದೆ ನಿಂತೇ ಹೇಳಿದಳು.

"ಒಂದು ವಿಷ್ಯ ಮೊದಲೇ ಹೇಳ್ಬುಡ್ತೀನಿ ಮೇಡಂ. ನಂಗೆ ಫಿಟ್ಸ್ ಐತೆ. ಹೈಸ್ಕೂಲಲ್ಲಿದ್ದಾಗಿಂದ. ಮಾತ್ರೆ ತಗೊತೀನಿ, ಅದ್ಕೇ ಏನೂ ಆಗಲ್ಲ. ವರ್ಸ ಪೂರ್ತಿ ಬರೋದಲ್ವಾ, ನಿಮ್ಗೆ ಗೊತ್ತಿರ್ಲಿ ಅಂತ."

ರಾಧಾಮಣಿಗೆ ಕಣ್ಣೆದುರು ಬಂದದ್ದು ಆ ಹುಡುಗಿ ತರಗತಿಯ ನಡುವೆ ನೆಲಕ್ಕೆ ಬಿದ್ದು ಒದ್ದಾಡುವ ಚಿತ್ರ. ಸುತ್ತ ನಿಂತ ಶಿಷ್ಯರು, ಕೆಳಗಿನಿಂದ ಓಡಿಬರುವ ಸುಚಿತ್ರಾ, ಬೀದಿಯ ಮಾತು. 'ರೇಕಿ ಮಾಡೋಳ ಮನೇಲೇ ಹುಡುಗಿ ಹಿಂಗಾದ್ಲಂತೆ.'

"ಮೂರನೇ ಹಂತಕ್ಕೆ ಇಪ್ಪತ್ತೈದು ವರ್ಷ ಆಗಿರಬೇಕು," ಎಂದಳು.

"ಅವತ್ತು ಎಲ್ರಿಗೂ ಹೇಳ್ವಾಗ ಹಂಗೆ ಹೇಳ್ನಿಲ್ವಲ್ಲ ನೀವು?"

"ಈಗ ಹೇಳ್ತಿದ್ದೀನಿ."

"ಫಿಟ್ಸ್ ಅಂದಿದ್ದಕ್ಕೆ ತಾನೆ ಮೇಡಂ?"

"ವಯಸ್ಸಿಗೆ."

ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಇಳಿದಳು. ಅವಳ ಮುಖ ನೋಡಿಯೇ, ಕೆಳಗಿನ ಬಾಗಿಲಲ್ಲಿ ನಿಂತಿದ್ದ ಸುಚಿತ್ರಾಗೆ ಮೇಲೇನಾಯಿತೆಂದು ಗೊತ್ತಾಯಿತು. "ಸೇರಿಸ್ಕೊಳ್ಳಲಿಲ್ವಾ? ಬಾ ಧನು, ಒಳಗೆ ಬಾ. ನಮ್ಮಲ್ಲಿ ಅದೂ ಇದೂ ಅಂತ ಕಟ್ಟುಪಾಡಿಲ್ಲ," ಎಂದಳು. ಬೇಕೆಂದೇ ಜೋರಾಗಿ, ಮೇಲಕ್ಕೆ ಕೇಳುವಂತೆ. ಅವಳು ಏನನ್ನೂ ಕೇಳಲಿಲ್ಲ. ಧನುಶ್ರೀ ಏನನ್ನೂ ಹೇಳಲಿಲ್ಲ.

ಸುಚಿತ್ರಾ ಮೂರನೇ ಹಂತದ ದೀಕ್ಷೆ ಕೊಡುವ ಶಿಬಿರ ಬೈರಮಂಗಲದ ಹತ್ತಿರ ಒಬ್ಬರ ತೋಟದ ಮನೆಯಲ್ಲಿತ್ತು. ಹೊರಡುವ ದಿನ ಬೆಳಿಗ್ಗೆ ಗೇಟಿನ ಮುಂದೆ ವ್ಯಾನು ಬಂದು ನಿಂತಾಗ ರಾಧಾಮಣಿ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಳು. ಧನುಶ್ರೀ ಚೀಲ ಹಿಡಿದು ವ್ಯಾನು ಹತ್ತುವ ಮುಂಚೆ ಒಮ್ಮೆ ಕತ್ತೆತ್ತಿ ನೋಡಿದಳು. ಕೂಗಿ ಕರೆಯಬಹುದಿತ್ತು. ಕೆಳಗಿಳಿದು ಸುಚಿತ್ರಾಳನ್ನು ಬದಿಗೆ ಕರೆದು ಒಂದು ಮಾತು ಹೇಳಬಹುದಿತ್ತು. ರಾಧಾಮಣಿ ಒದ್ದೆ ಸೀರೆಯನ್ನು ಇನ್ನೊಮ್ಮೆ ಕೊಡವಿ ಹಗ್ಗದ ಮೇಲೆ ಹಾಕಿದಳು.

ಶಿಬಿರದ ಕೊನೆಯ ಸಂಜೆ, ದೀಕ್ಷೆಯಾದ ಮೇಲೆ, ಸುಚಿತ್ರಾ ಎಲ್ಲರಿಗೂ ಹೇಳಿದಳು: "ಇನ್ನು ಮೂರು ವಾರ ನಿಮ್ಮ ಮೈ ಶುದ್ಧಿಯಾಗುತ್ತೆ. ಕಾಫಿ ಬೇಡ, ಮಾಂಸ ಬೇಡ, ಮಾತ್ರೆ ಬೇಡ. ಹೊರಗಿನದು ಏನೂ ಒಳಗೆ ಹೋಗಬಾರದು." ಬೆಂಗಳೂರಿನಲ್ಲಿ ಅವಳಿಗೆ ಕಲಿಸಿದವರು ಹೇಳಿದ್ದ ಮಾತು ಅದು. ಮಾತ್ರೆ ಅನ್ನುವಾಗ ಅವಳ ಮನಸ್ಸಿನಲ್ಲಿದ್ದದ್ದು ತಲೆನೋವಿನ ಮಾತ್ರೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಗೇಟಿನ ಮುಂದೆ ಬೈಕು ನಿಂತಿತು. ಪಂಚೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಕಲೆ ಹಾಗೇ ಇದ್ದ ಗಂಡಸೊಬ್ಬ ಗೇಟನ್ನು ಒದ್ದು ಒಳಗೆ ಬಂದ. ಧನುಶ್ರೀಯ ಅಪ್ಪ ಬಾಲರಾಜು.

"ಯಾರವ್ವ ಇಲ್ಲಿ ಮಾಸ್ಟ್ರು? ಈಚೆಗ್ ಬನ್ನಿ!"

ಸುಚಿತ್ರಾ ಬಾಗಿಲು ತೆರೆದಳು. "ಏನು? ಯಾರು ನೀವು?"

"ಧನುಶ್ರೀ ಅಪ್ಪ. ನನ್ ಮಗಳಿಗೆ ಮಾತ್ರೆ ಬುಡು ಅಂತ ಹೇಳ್ದೋರು ಯಾರು?"

"ಯಾವ ಮಾತ್ರೆ? ಅವಳಿಗೇನಾಗಿತ್ತು ಅಂತ್ಲೇ ನನಗೆ ಗೊತ್ತಿಲ್ಲ."

"ಕೇಳಿದ್ರೆ ತಾನೆ ಗೊತ್ತಾಗೋದು? ಒಂದ್ ಎಮ್ಮೆ ಹಿಡಿಯೋವಾಗ್ಲೂ ಬಾಯಿ ತೆಗ್ಸಿ ಹಲ್ಲು ನೋಡ್ತೀವಿ ಕಣವ್ವ. ನೀವು ಮನುಸ್ರ ಮಕ್ಕಳನ್ನ ಕೂರಿಸ್ಕೊಂಡು ಒಂದ್ ಮಾತೂ ಕೇಳಲ್ವಾ? ನಿನ್ನೆ ಬಟ್ಟೆ ಒಗೀತಾ ಒಗೀತಾನೆ ಬಿದ್ಬುಟ್ಲು. ಕಲ್ಲಿಗೆ ತಲೆ ಒಡೀತು, ಕೈ ಮುರೀತು. ಒಂದ್ ಫಿಟ್ಸ್ ನಿಂತ್ರೆ ಇನ್ನೊಂದು. ಬಾಯಲ್ಲಿ ರಕ್ತ!" ಅವನು ಬೋರ್ಡಿಗೆ ಕೈ ಹಾಕಿ ಜಗ್ಗಿದ. ಒಂದು ಮೊಳೆ ಕಿತ್ತು ಬೋರ್ಡು ಓರೆಯಾಗಿ ತೂಗಿತು.

ಸುಚಿತ್ರಾ ಬಿಳಿಚಿಕೊಂಡಳು. ಒಳಗೆ ಸರಿದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಗುಳಿ ಬಿದ್ದ ಸದ್ದಾಯಿತು.

ಬಾಲರಾಜು ಮೆಟ್ಟಿಲ ಕಡೆ ತಿರುಗಿದ. ಅಲ್ಲಿ ರಾಧಾಮಣಿ ನಿಂತಿದ್ದಳು. "ಈ ಬೋರ್ಡಲ್ಲಿರೋ ಇನ್ನೊಂದು ಹೆಸ್ರು ನಿಮ್ದೇ ಅಲ್ವಾ? ನೀವೇ ತಾನೆ ಇವ್ರಿಗೆ ಗುರು?"

'ಅವಳು ನನ್ನ ಮಾತು ಮೀರಿ ಹೋದವಳು' ಎನ್ನಬಹುದಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು. "ಹೌದು," ಎಂದಳು ರಾಧಾಮಣಿ. "ಯಾವ ಆಸ್ಪತ್ರೆ?"

"ರಾಮನಗರ. ಯಾಕೆ, ಬಂದು ಕೈಯಿಡ್ತೀರಾ?" ಎಂದು ಅವನು ಗೇಟಿನ ಮುಂದೆಯೇ ಉಗುಳಿ ಬೈಕು ಹತ್ತಿದ.

ರಾಧಾಮಣಿ ಬಸ್ಸು ಹಿಡಿದು ರಾಮನಗರಕ್ಕೆ ಹೋದಳು. ಹೋಗಬೇಡ, ಹೊಡೆದಾರು ಎಂದ ನಟರಾಜುವಿನ ಮಾತಿಗೆ ನಿಲ್ಲಲಿಲ್ಲ. ವಾರ್ಡಿನ ಬಾಗಿಲಲ್ಲಿ ಧನುಶ್ರೀಯ ಅಜ್ಜಿ ಚಿಕ್ಕಲಕ್ಷ್ಮಮ್ಮ ಕಾಲು ಚಾಚಿ ಕೂತಿದ್ದಳು. ಇವಳು ಯಾರೆಂದು ತಿಳಿದದ್ದೇ ಎದ್ದು ಅಡ್ಡ ನಿಂತಳು.

"ನೀನೇನಾ ಮೊದಲು ಕಲಿಸಿದೋಳು? ಕೈಯ ಸೆರಗೊಳಗೆ ಇಟ್ಕೊ. ನನ್ ಮೊಮ್ಮಗಳನ್ನ ಮುಟ್ಟೀಯ!"

"ಮುಟ್ಟಲ್ಲ ಅಮ್ಮ. ನೋಡಿಬಿಟ್ಟು ಹೋಗ್ತೀನಿ."

"ನೋಡಾಕೆ ನೀನೇನು ನೆಂಟ್ಲಾ?"

ಒಳಗಿನಿಂದ ಬಂದ ವೈದ್ಯೆ, ಡಾಕ್ಟರ್ ಹಮೀದಾ, ಇಬ್ಬರನ್ನೂ ನೋಡಿದರು. ವಿಷಯ ಅರ್ಥವಾಗಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಆ ಕೈಯಿಡೋರು ನೀವೇನಾ?" ಎಂದರು, ದನಿ ಏರಿಸದೆ. "ಫಿಟ್ಸ್ ಮಾತ್ರೆ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಜೀವ ಹೋಗುತ್ತೆ. ಒಂದು ಗಂಟೆ ತಡವಾಗಿದ್ದರೆ ಈ ಹುಡುಗಿ ಇರ್ತಿರಲಿಲ್ಲ. ನಿಮ್ಮ ಪಾಠದಲ್ಲಿ ಇದು ಬರಲ್ವಾ?"

"ಮಾತ್ರೆ ನಿಲ್ಲಿಸಬೇಡಿ ಅಂತ ನಾನು ಹೇಳ್ತೀನಿ ಡಾಕ್ಟ್ರೇ."

"ಯಾರಿಗೆ ಹೇಳಿದ್ರಿ? ಇವಳಿಗೆ ಹೇಳಿದ್ರಾ?"

ಹಮೀದಾ ಅಜ್ಜಿಯ ಭುಜ ಹಿಡಿದು ಪಕ್ಕಕ್ಕೆ ಕೂರಿಸಿ, "ಎರಡು ನಿಮಿಷ. ಅಷ್ಟೇ," ಎಂದರು.

ಧನುಶ್ರೀಗೆ ಎಚ್ಚರವಿತ್ತು. ತಲೆಗೆ ಕಟ್ಟು, ಕೈಗೆ ಪ್ಲಾಸ್ಟರ್. ಕಚ್ಚಿಕೊಂಡ ನಾಲಗೆ ಬಾತು ಮಾತು ತೊದಲುತ್ತಿತ್ತು. ಆದರೂ ಪ್ರತಿ ಮಾತೂ ಸ್ಪಷ್ಟವಾಗಿ ಮುಟ್ಟಿತು.

"ಯಾಕ್ ಬಂದ್ರಿ?"

"ನೋಡೋಕೆ ಧನು."

"ನಾನು ನಿಮ್ಗೆ ನಿಜ ಹೇಳ್ದೆ. ನೀವು ಸುಳ್ಳು ಹೇಳಿದ್ರಿ." ಉಸಿರು ತೆಗೆದುಕೊಂಡಳು. "ನಿಜ ಹೇಳಿದ್ರೆ ಈಚೆಗೆ ಹಾಕ್ತಾರೆ ಅಂತ ಅವತ್ತು ಕಲ್ತೆ. ಅದ್ಕೇ ಆ ಮೇಡಂಗೆ ಹೇಳ್ನಿಲ್ಲ. ಅವ್ರು ಮಾತ್ರೆ ಬ್ಯಾಡ ಅಂದ್ರು. ಕೇಳಾಕೂ ಆಗ್ನಿಲ್ಲ, ಕೇಳಿದ್ರೆ ಗೊತ್ತಾಗೋಯ್ತದಲ್ಲ."

"ನನಗೆ ಭಯ ಆಯ್ತು," ಎಂದಳು ರಾಧಾಮಣಿ. "ನೀನು ನನ್ನ ಮನೇಲಿ ಬಿದ್ದುಬಿಟ್ರೆ ಅಂತ."

"ಸರಿ. ಬೇರೆ ಕಡೆ ಬಿದ್ದೆ. ಸಮಾಧಾನ ಆಯ್ತಾ?" ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿದಳು. "ಹೋಗಿ ಮೇಡಂ."

ಮನೆಗೆ ಬಂದಾಗ ಸುಚಿತ್ರಾ ಅಂಗಳದಲ್ಲೇ ಕಾದಿದ್ದಳು. ಅತ್ತ ಕಣ್ಣು, ಆದರೆ ದನಿ ಜಗಳದ್ದೇ.

"ಹೆಂಗಿದ್ದಾಳೆ?"

"ಬದುಕಿದ್ದಾಳೆ. ನೀನೇ ಹೋಗಿ ನೋಡಬಹುದಿತ್ತು. ಅಗುಳಿ ಹಾಕಿಕೊಂಡು ಕೂತೆ."

"ಅವಳಿಗೆ ಫಿಟ್ಸ್ ಇತ್ತು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಸುಚಿತ್ರಾ ಎರಡು ಹೆಜ್ಜೆ ಮುಂದೆ ಬಂದಳು. "ಗೊತ್ತಿದ್ದೂ ಅವಳು ನನ್ನ ವ್ಯಾನು ಹತ್ತೋದನ್ನ ಮೇಲೆ ನಿಂತು ನೋಡಿದ್ರಿ. ನಾನು ಎಡವಲಿ ಅಂತ ಕಾಯ್ತಿದ್ರಾ ಅಕ್ಕ?"

"ಹೇಳಿದ್ದರೆ ನೀನು ಕೇಳ್ತಿದ್ಯಾ?"

"ಕೇಳ್ತಿರಲಿಲ್ಲ. ಆದ್ರೂ ನೀವು ಹೇಳಬೇಕಿತ್ತು."

ಸುಚಿತ್ರಾ ಸೆರಗಿನಿಂದ ಮೂಗೊರೆಸಿಕೊಂಡಳು. "ಮಾತ್ರೆ ಬೇಡ ಅಂದವಳು ನಾನೇ. ಅದನ್ನ ನಾನು ಹೊರ್ತೀನಿ. ನಿಮ್ಮ ಪಾಲು ನೀವು ಹೊರಿ. ಆದ್ರೆ ಒಂದು ತಿಳ್ಕೊಳ್ಳಿ, ನಿಮ್ಮೆದುರಿಗೆ ಮಾತ್ರ ನಾನು ಅಳಲ್ಲ," ಎಂದು ಒಳಗೆ ಹೋದಳು.

ಮರುದಿನ ಅವಳು ಒಬ್ಬಳೇ ರಾಮನಗರಕ್ಕೆ ಹೋದಳು. ಅಜ್ಜಿ ಆಸ್ಪತ್ರೆಯ ಗೇಟಿನಲ್ಲೇ ಬೈದು ಕಳಿಸಿದಳಂತೆ. ದೇವರಾಜ್ ಅಣ್ಣನಿಗೆ ಹೇಳಿ, ಅಣ್ಣ ಹೆಂಡತಿಗೆ ಹೇಳಿ ಅದು ಮೇಲಕ್ಕೆ ಬಂತು. ಸುಚಿತ್ರಾ ಬಾಗಿಲ ಬೋರ್ಡನ್ನು ಇಳಿಸಿದಳು. ಬಿಟ್ಟೇಬಿಟ್ಟಳು ಎಂದು ಶಿಷ್ಯರು ಮಾತಾಡಿಕೊಂಡರು. ದಸರೆ ಕಳೆಯುವ ಹೊತ್ತಿಗೆ ಕನಕಪುರದಲ್ಲಿ ಪಾಠಕ್ಕೆಂದು ಒಂದು ಕೋಣೆ ಹಿಡಿದು ಮತ್ತೆ ಶುರುಮಾಡಿದಳು. ಹೊಸ ಬೋರ್ಡಿನಲ್ಲಿ ರಾಧಾಮಣಿಯ ಹೆಸರಿರಲಿಲ್ಲ.

ರಾಧಾಮಣಿ ಆ ತಿಂಗಳುಗಳಲ್ಲಿ ತರಗತಿ ನಡೆಸಲಿಲ್ಲ. ತಾನು ಕಟ್ಟಿದ ಕ್ರಮವನ್ನು ಬಿಚ್ಚಿ ನೋಡುತ್ತಿದ್ದಳು. ಎಷ್ಟು ತಿಂಗಳು ಕೂರಬೇಕು, ಯಾರ ಮನೆಗೆ ಹೋಗಬೇಕು, ಹೇಗೆ ಪಾಠ ಒಪ್ಪಿಸಬೇಕು, ಎಲ್ಲ ಇತ್ತು. ಒಬ್ಬರು ಬಂದು ತಮ್ಮ ಕಾಯಿಲೆಯ ಹೆಸರು ಹೇಳಿದರೆ ಅವರ ಮುಖ ನೋಡಿ ಏನು ಹೇಳಬೇಕು ಎಂಬುದು ಎಲ್ಲೂ ಇರಲಿಲ್ಲ. ಧನುಶ್ರೀಗೆ ಸೇರಲು ಅಡ್ಡಿಯಿಲ್ಲ ಎಂದು ಬೊಂಬೆ ಅಂಗಡಿಯವರ ಕೈಲಿ ಹೇಳಿಕಳಿಸಿದಳು. ಉತ್ತರ ಬಾಲರಾಜುವಿನಿಂದ ಬಂತು: ಇನ್ನೊಂದ್ ಸಲ ನನ್ ಮಗಳ ಹೆಸ್ರು ಎತ್ತಿದ್ರೆ ಸರಿಗಿರಲ್ಲ. ಹುಡುಗಿ ಕೈ ಕೂಡಿದ ಮೇಲೆ ಕೆಲಸಕ್ಕೆ ಬರತೊಡಗಿದಳು. ಹೈವೇ ಬದಿಯಲ್ಲಿ ಎದುರಾದಾಗ ರಾಧಾಮಣಿಯನ್ನು ಗುರುತು ಸಿಗದವಳಂತೆ ದಾಟಿಹೋದಳು.

ಕೊನೆಗೊಂದು ದಿನ ರಾಧಾಮಣಿ ಡಾಕ್ಟರ್ ಹಮೀದಾ ಅವರ ಕ್ಲಿನಿಕ್ಕಿನ ಬೆಂಚಿನ ಮೇಲೆ ರೋಗಿಗಳ ಸಾಲಿನಲ್ಲಿ ಕೂತಳು. ಸರದಿ ಬಂದಾಗ ಹೇಳಿದಳು, ನಮ್ಮ ಮೂರನೇ ಹಂತದ ಮೊದಲ ಪಾಠ ನೀವು ಮಾಡಬೇಕು.

ಹಮೀದಾ ನಗಲೂ ಇಲ್ಲ. "ನಿಮ್ಮ ಕೈಯಿಂದ ಏನೂ ಹೊರಗೆ ಬರಲ್ಲ ಅಂತ ನನ್ನ ಅಭಿಪ್ರಾಯ. ನಾನು ಬಂದ್ರೆ ಡಾಕ್ಟ್ರೇ ಒಪ್ಪಿದ್ದಾರೆ ಅಂತ ನಿಮ್ಮವರು ಸಾರಿಕೊಂಡು ತಿರುಗ್ತಾರೆ."

"ಒಪ್ಪಲ್ಲ ಅಂತ ಅಲ್ಲೇ ಹೇಳಿ."

"ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ. ನೀವು ಅಡ್ಡ ಬರಬಾರದು."

"ಬರಲ್ಲ."

ಅವರು ಪೆನ್ನು ಕೆಳಗಿಟ್ಟರು. "ನಾನು ಬರದೇ ಇದ್ರೆ ನಿಮ್ಮ ಶಿಷ್ಯರ ಕೈಗೆ ಸಿಕ್ಕಿದವರು ನನ್ನ ವಾರ್ಡಿಗೇ ಬರ್ತಾರೆ. ಭಾನುವಾರ ಬರ್ತೀನಿ."

ಬಂದರು, ಹೇಳಿದಂತೆಯೇ ಮುಖಕ್ಕೆ ಹೊಡೆದ ಹಾಗೆ ಮಾತಾಡಿದರು. ಯಾವ ಯಾವ ಮಾತ್ರೆ ನಿಲ್ಲಿಸಿದರೆ ಜೀವಕ್ಕೆ ಅಪಾಯ, ಫಿಟ್ಸ್ ಬಂದವರನ್ನು ಹೇಗೆ ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಕೀಲಿಕೈ ಚಮಚ ಏನನ್ನೂ ಯಾಕೆ ತುರುಕಬಾರದು ಎಂದು ತೋರಿಸಿದರು. ಮುನಿಶಾಮಯ್ಯನನ್ನು ನೆಲದ ಮೇಲೆ ಮಲಗಿಸಿ ಒಬ್ಬೊಬ್ಬರ ಕೈಲೂ ಹೊರಳಿಸಿದರು. ಆಮೇಲೆ, "ಇಲ್ಲಿ ದಿನಾ ಮಾತ್ರೆ ತಗೊಳ್ಳೋರು ಯಾರು?" ಎಂದು ಕೇಳಿದರು.

ಯಾರೂ ಅಲುಗಲಿಲ್ಲ. ರಾಧಾಮಣಿ ಕೈಯೆತ್ತಿದಳು. "ಬಿಪಿ," ಎಂದಳು. ಶಿಷ್ಯರು ಅವಳನ್ನು ತಿರುಗಿ ನೋಡಿದರು. ತಡವಾಗಿ ಇನ್ನೊಂದು ಕೈ ಎದ್ದಿತು, ಆಮೇಲೆ ಮುನಿಶಾಮಯ್ಯನದು, ಹಿಂದಿನ ಸಾಲಿನಲ್ಲಿ ಮತ್ತೆರಡು.

ಬಿಡದಿಯ ಭಾನುಪ್ರಿಯ ಎದ್ದು ನಿಂತಳು. "ನಾವು ಇಲ್ಲಿ ವಿದ್ಯೆ ಕಲಿಯೋಕೆ ಬಂದಿದ್ದೀವಿ ಮೇಡಂ. ಇವರು ಅದನ್ನೇ ಸುಳ್ಳು ಅಂತಾರೆ, ನೀವು ಕೈಯೆತ್ತಿಕೊಂಡು ಕೂರ್ತೀರಾ?"

"ಇದೇ ಮೊದಲ ಪಾಠ ಭಾನು. ಇದನ್ನ ಕೂತು ಕೇಳೋಕಾಗದವರು ಮುಂದಿನ ಪಾಠಕ್ಕೆ ಬರೋದು ಬೇಡ."

ಭಾನುಪ್ರಿಯ ಚೀಲ ತೆಗೆದುಕೊಂಡು ಹೊರಟಳು. ಅವಳ ಹಿಂದೆ ಇಬ್ಬರು ಹೋದರು. ರಾಧಾಮಣಿ ಕರೆಯಲಿಲ್ಲ.

ತರಗತಿ ಮುಗಿದು ಹಮೀದಾ ಅವರನ್ನು ಬೀಳ್ಕೊಡಲು ಬಾಗಿಲಿಗೆ ಬಂದಾಗ, ಮೆಟ್ಟಿಲ ನಡುವೆ ಸುಚಿತ್ರಾ ಕೂತಿದ್ದಳು. ಎಷ್ಟು ಹೊತ್ತಿನಿಂದಲೋ. ಹಾದುಹೋದ ಭಾನುಪ್ರಿಯ ಅವಳನ್ನು ಕಂಡೇ ಹೋಗಿರಬೇಕು. ಸುಚಿತ್ರಾ ಎದ್ದು ದಾರಿಬಿಟ್ಟಳು. ರಾಧಾಮಣಿಯ ಕಡೆ ನೋಡಲಿಲ್ಲ.

"ಡಾಕ್ಟ್ರೇ, ಕನಕಪುರಕ್ಕೂ ಬರ್ತೀರಾ?"

"ನೀವು ಯಾರು?"

"ಮಾತ್ರೆ ಬೇಡ ಅಂದವಳು."

ಹಮೀದಾ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಅಲ್ಲೂ ಇದೇ ಬೈಗುಳ ಬೈತೀನಿ."

"ಬೈಯಿರಿ. ನನ್ನ ಶಿಷ್ಯರ ಮುಂದೆಯೇ ಬೈಯಿರಿ. ಇನ್ನು ನಾನು ಕೇಳದೆ ಯಾರನ್ನೂ ಕೂರಿಸಲ್ಲ."

"ನೋಡೋಣ," ಎಂದು ಹಮೀದಾ ಇಳಿದು ಹೋದರು.

ಮೆಟ್ಟಿಲ ಮೇಲೆ ಇಬ್ಬರೇ ಉಳಿದರು. ಏನಾದರೂ ಹೇಳಬೇಕೆಂದು ರಾಧಾಮಣಿ ಬಾಯಿ ತೆರೆದಳು.

"ಬೇಡ ಅಕ್ಕ," ಎಂದಳು ಸುಚಿತ್ರಾ. "ನಿಮ್ಮ ಜೊತೆ ರಾಜಿಗೆ ಬಂದಿಲ್ಲ ನಾನು." ಕೆಳಗಿಳಿದು ಬಾಗಿಲು ಹಾಕಿಕೊಂಡಳು. ರಾಧಾಮಣಿ ಒಳಗೆ ಬಂದು, ಉಳಿದವರನ್ನು ಸುತ್ತ ಕೂರಿಸಿಕೊಂಡು, ತಮ್ಮ ಕಾಯಿಲೆ ಹೇಳಿಕೊಳ್ಳಲು ಬಂದವರ ಎದುರು ಹೇಗೆ ಕೂರಬೇಕೆಂದು ಹೇಳತೊಡಗಿದಳು. ಅದು ಅವಳಿಗೂ ಹೊಸ ಪಾಠ, ನಡುನಡುವೆ ತಡವರಿಸುತ್ತಿದ್ದಳು.